ಮೂರು ದಿನದ ಸಕ್ಕರೆ

ಮೂವತ್ತೊಂದು ವರ್ಷ ಬೀಡಿ ಕಟ್ಟಿದ ಬೆರಳು ಇದು.
ದಿನಕ್ಕೆ ಸಾವಿರ. ಎಲೆ, ನೂಲು, ತಲೆ ಮಡಚುವ ತಗಡಿನ ಉಗುರು.
ಕಿನ್ನಿಗೋಳಿಯ ಫೆಲ್ಸಿ ಬಾಯಿ ಜಗಲಿಯಲ್ಲಿ ಕೂತು ನೋಡಿ ಹೇಳಿದ್ದು:
"ವಾರಿಜಾ, ನಿನ್ನ ಕೈಗೆ ಹುಳ ಎತ್ತುವುದು ಬರ್ತದೆ ಮಾರಾಯ್ತಿ.
ಮೊದಲು ಆ ಹೊಗೆಸೊಪ್ಪಿನ ವಾಸನೆ ಹೋಗ್ಲಿ."

ಹೋಗಲು ನಾಲ್ಕು ತಿಂಗಳು ಬೇಕಾಯಿತು.
ಸೀಗೆ, ನಿಂಬೆಸಿಪ್ಪೆ, ಒಲೆಯ ಬೂದಿ,
ಕೊನೆಗೆ ಜೇನುಮೇಣವನ್ನೇ ತಿಕ್ಕಿಕೊಂಡೆ.
ಆದರೂ ಮೂಸಿ ನೋಡಿ ಚುಚ್ಚುತ್ತಿದ್ದವು, ಅದೇ ಬೆರಳಿಗೆ, ಅದೇ ಗೆಣ್ಣಿಗೆ,
ಬ್ರಾಂಚಿನ ಸಂಜೀವಣ್ಣ ಹಾಳುಬೀಡಿ ಹೆಕ್ಕಿ ಬಿಸಾಡುವಷ್ಟು ಶ್ರದ್ಧೆಯಿಂದ.

ಎಲ್ಲ ಪೆಟ್ಟಿಗೆಯಿಂದಲೂ ರಾಣಿ ಮಾಡುವುದಲ್ಲ.
ಮರಿಹುಳಗಳು ನೀರುಚೀಲವಾಗಿ ಸತ್ತ ಆ ವರ್ಷ
ಪಕ್ಷಿಕೆರೆಯಿಂದ ಈಚೆಗೆ ಪೆಟ್ಟಿಗೆಗಳೆಲ್ಲ ಬರಿದಾಗಿ
ಗೇರುಮರದ ಬುಡದ್ದೊಂದು ಉಳಿಯಿತಂತೆ.
ತುಪ್ಪ ಕಡಿಮೆ, ಸಿಟ್ಟು ಜಾಸ್ತಿ.
ಫೆಲ್ಸಿ ಬಾಯಿಗೆ ಅದೇ ತಾಯಿ.
ಸುಳ್ಯದಿಂದ ತಂದ ಸಾಧುಜೇನನ್ನು ನಾನು ತೋರಿಸಿದಾಗ
ಅವಳು ಕನ್ನಡಕ ಒರೆಸುತ್ತಾ ಅಂದಳು,
"ತುಪ್ಪ ಕೊಡ್ಲಿಕ್ಕೆ ಮೊದಲು ಜೀವ ಉಂಟಾಗಬೇಕಲ್ಲ."

ಒಂದು ದಿನದ ಹುಳವೆಂದರೆ
ಹಾಲಿಗೆ ಬಿದ್ದ ಉಗುರಿನ ಚೂರು.
ಎತ್ತುವಾಗ ಮಗುಚಬಾರದು, ಮಗುಚಿದರೆ ತನ್ನ ಊಟದಲ್ಲೇ ಮುಳುಗುತ್ತದೆ.
ಮೇಣದ ಬಟ್ಟಲಿಗಿಳಿಸಿ ಬೋರಲು ತೂಗಹಾಕಿದ ಇಪ್ಪತ್ತರಲ್ಲಿ
ಮೊದಲ ಸಲ ಎರಡು ಉಳಿದವು, ಮರುಸಲ ಒಂದೂ ಇಲ್ಲ.
ಮೂರನೆಯ ಸಲ ಹನ್ನೊಂದು ಬಟ್ಟಲುಗಳ ಅಂಚು
ನೆಲಕಡಲೆಯ ಹಾಗೆ ಕೆಳಗೆ ಬೆಳೆಯಿತು.

ರಾಣಿಗೂ ಆಳಿಗೂ ಮೊಟ್ಟೆ ಒಂದೇ, ಹುಳ ಒಂದೇ,
ತಿನ್ನಿಸುವುದು ಮಾತ್ರ ಬೇರೆ.
ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.
ಐದನೆಯ ಕ್ಲಾಸಿಗೆ ಶಾಲೆ ಬಿಡಿಸಿ ಮಡಿಲಿಗೆ ಗೆರಸೆಯಿಟ್ಟ ದಿನ
ಅಮ್ಮ ನನಗೆ ಬಡಿಸಿದ್ದು ಗಂಜಿಯೋ ಬರೀ ತಿಳಿಯೋ
ಎಷ್ಟು ಹೊರಳಿದರೂ ನೆನಪಾಗಲಿಲ್ಲ.

ಹುಟ್ಟಿ ಆರನೆಯ ಮಧ್ಯಾಹ್ನ ಹಾರಲು ಹೊರಟವು.
ಕರೆಂಟುತಂತಿಯ ಮೇಲೆ ಕಳ್ಳಿಪೀರ.
ಬಜ್ಪೆಗೆ ಇಳಿಯುವ ವಿಮಾನದ ಸದ್ದಿನಡಿಯಲ್ಲಿ
ನಾನು ಗೆರಸೆ ಬಡಿದೆ, ಕೂಗಿದೆ, ಕಲ್ಲೂ ಬಿಸಾಡಿದೆ.
ಮೂರು ಹೋದದ್ದರಲ್ಲಿ ಒಂದು ತಿರುಗಿ ಬಂತು,
ಹಿಂಬದಿಯಲ್ಲಿ ಗಂಡಿನ ಬಿಳಿ ಗುರುತು ಕಚ್ಚಿಕೊಂಡು.
ವಾರ ಕಳೆದು ನೋಡಿದರೆ ಕಣಗಳ ತಳದಲ್ಲಿ ಮೊಟ್ಟೆ,
ಸೂಜಿ ನೆಟ್ಟ ಹಾಗೆ.

ಹದಿಮೂರನೆಯ ಪೆಟ್ಟಿಗೆಯ ಮುದಿರಾಣಿಯನ್ನು ನಾನೇ ತೆಗೆದೆ.
ಹೇಗೆ ಅಂತ ಕೇಳಬೇಡಿ. ಈ ಎರಡು ಬೆರಳಿನಿಂದ.
ಗಂಟೆಯೊಳಗೆ ಪೆಟ್ಟಿಗೆಯ ಸದ್ದು ತಿರುಗಿತು,
ಸಾವಿನ ಮನೆಯಲ್ಲಿ ಇನ್ನೂ ಯಾರೂ ಅಳದೆ ಇರುವಾಗಿನ ಸದ್ದು.

ಜಾಲರಿಯ ಗೂಡಲ್ಲಿ ಹೊಸಬಳನ್ನಿಟ್ಟು
ಜೇನಲ್ಲಿ ಕಲಸಿದ ಸಕ್ಕರೆಹುಡಿಯಿಂದ ಬಾಗಿಲು ಮುಚ್ಚಿ
ಎರಡು ಚೌಕಟ್ಟಿನ ನಡುವೆ ತೂಗಹಾಕಿದೆ.
"ಹೊಸ ಮದುಮಗಳನ್ನು ಮನೆ ತುಂಬಿಸಿದ ಹಾಗೆ" ಅಂದಳು ಪಕ್ಕದ ರುಕ್ಕು.
ಅಲ್ಲ ರುಕ್ಕು.
ಮದುಮಗಳಿಗೆ ಯಾರು ಜಾಲರಿ ಕಟ್ಟಿದರು?
ಕಚ್ಚಲು ಬಂದವರಿಗೂ ಅವಳಿಗೂ ನಡುವೆ
ಯಾರು ಇಟ್ಟರು ಮೂರು ದಿನದ ಸಕ್ಕರೆ?

ಎರಡನೆಯ ದಿನವೂ ತಂತಿ ಕಚ್ಚುತ್ತಿದ್ದವು,
ಊದಿದರೂ ಕದಲದಷ್ಟು ಗಟ್ಟಿ.
ಅವು ತಾವೇ ಕಟ್ಟಲು ಹೊರಟಿದ್ದ ಮೂರು ರಾಣಿಕಣ ಕಿತ್ತು ಹಾಕಿ
ಮುಚ್ಚಳ ಮುಚ್ಚಿ ಬಂದೆ. ಊಟ ಸೇರಲಿಲ್ಲ.

ಮೂರನೆಯ ಬೆಳಿಗ್ಗೆ ಅದೇ ತಂತಿಯ ಸಂದಿಯಲ್ಲಿ
ನಾಲಗೆಗಳು. ಉಣ್ಣಿಸುತ್ತಿದ್ದವು.
ಸಕ್ಕರೆ ಅರ್ಧ ಮುಗಿದಿತ್ತು, ಎರಡೂ ಬದಿಯಿಂದ.

ಒಂದು ಹುಳ ನನ್ನ ಗೆಣ್ಣಿನ ಮೇಲೆ ಕೂತು ಮೀಸೆ ಆಡಿಸಿತು.
ಉಗುರಿನ ಸಂದಿಯಲ್ಲಿ ಹೊಗೆಸೊಪ್ಪು ಇನ್ನೂ ಸ್ವಲ್ಪ ಉಂಟು,
ನನಗೇ ಬರುತ್ತದೆ ವಾಸನೆ.
ಹುಳ ಅಲ್ಲೇ ರೆಕ್ಕೆ ಒರೆಸಿಕೊಂಡು
ಕೆಲಸಕ್ಕೆ ಹೋಯಿತು.